20 ರೂಪಾಯಿಯ ಅಪಘಾತ ವಿಮೆ: ಕಾರ್ಮಿಕರಿಗೆ ಆಸರೆಯೇ?

ಪರ: ಯಜಮಾನನಿಲ್ಲದವರಿಗೆ ಬೇರೆ ದಾರಿ ಯಾವುದು?

ಅಪಘಾತ ವಿಮೆಯ ಬೆಲೆಯನ್ನು ಕಾರ್ಖಾನೆಯ ನೌಕರನನ್ನು ಮಾತ್ರ ಮನಸ್ಸಿನಲ್ಲಿಟ್ಟು ಅಳೆದರೆ ಲೆಕ್ಕ ತಪ್ಪುತ್ತದೆ. ಮಲೆನಾಡಿನಲ್ಲಿ ಅಡಿಕೆ ಕೊನೆ ಕೊಯ್ಯುವವರು ಇವತ್ತು ಒಬ್ಬರ ತೋಟದಲ್ಲಿದ್ದರೆ ನಾಳೆ ಇನ್ನೊಬ್ಬರ ತೋಟದಲ್ಲಿ ಮರ ಹತ್ತುತ್ತಾರೆ. ಹಾಜರಿ ಪುಸ್ತಕವಿಲ್ಲ, ಸಂಬಳದ ಚೀಟಿಯಿಲ್ಲ. ಬಿದ್ದರೆ ಪರಿಹಾರ ಯಾರನ್ನು ಕೇಳುವುದು? ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ಆ ಪ್ರಶ್ನೆಯೇ ಬೇಕಿಲ್ಲ. ತಪ್ಪು ಯಾರದು, ಕೆಲಸ ಯಾರದು, ಅಪಘಾತವಾದದ್ದು ದುಡಿಮೆಯ ಹೊತ್ತಿನಲ್ಲೋ ಮನೆಗೆ ಮರಳುವಾಗಲೋ ಎಂಬುದನ್ನು ಅದು ನೋಡುವುದಿಲ್ಲ. ಜೀವ ಹೋದರೆ 2 ಲಕ್ಷ. ಒಂದು ಕೈ, ಒಂದು ಕಾಲು ಅಥವಾ ಒಂದು ಕಣ್ಣು ಪೂರ್ತಿ ಹೋದರೆ 1 ಲಕ್ಷ. ರಸ್ತೆ ಅಪಘಾತವಾದರೆ ಪೊಲೀಸ್ ದಾಖಲೆ ಬೇಕು. ಹಾವು ಕಚ್ಚಿದರೆ, ಮರದಿಂದ ಬಿದ್ದರೆ ಆಸ್ಪತ್ರೆಯ ದಾಖಲೆ ನಡೆಯುತ್ತದೆ.

ಮೊತ್ತ ಸಣ್ಣದು ಎಂಬ ಆಕ್ಷೇಪವಿದೆ. 2015ರಲ್ಲಿ 12 ರೂಪಾಯಿ ಇದ್ದ ಪ್ರೀಮಿಯಂ 2022ರಲ್ಲಿ 20 ಆಯಿತು, ಪರಿಹಾರ ಮಾತ್ರ ಅಂದಿನ 2 ಲಕ್ಷದಲ್ಲೇ ನಿಂತಿದೆ ಎಂಬುದೂ ನಿಜ. ಮನೆಯವರಿಗೆ ವಿಮೆ ಇರುವುದೇ ಗೊತ್ತಿರದೆ ಹಣ ಕೈತಪ್ಪಬಹುದು. ಖಾತೆಯಲ್ಲಿ ಹಣವಿಲ್ಲದೆ ಪ್ರೀಮಿಯಂ ಕಡಿತವಾಗದಿದ್ದರೆ ಆ ವರ್ಷ ರಕ್ಷಣೆಯೂ ಇರುವುದಿಲ್ಲ. ಆದರೆ ಇವು ಜಾರಿಯಲ್ಲಿನ ಲೋಪಗಳು, ತಿದ್ದಬಹುದು. ಕಾರ್ಮಿಕ ಕಾನೂನುಗಳ ಹಣ ಇದರಿಂದ ಕಡಿಮೆಯಾಗುವುದಿಲ್ಲ. ಇದು ಅದರ ಜೊತೆಗೆ ಸಿಗುವಂಥದ್ದು.

ವಿರೋಧ: ಬೆರಳಿಗೆ ಬೆಲೆ ಕಟ್ಟದ ವಿಮೆ

ಪವರ್ ಪ್ರೆಸ್ ಮುಂದೆ ಕೂತವನು ತಗಡಿನ ತುಂಡನ್ನು ಡೈ ಮೇಲೆ ಇಡಬೇಕು, ಪೆಡಲ್ ತುಳಿಯಬೇಕು, ಪ್ರೆಸ್ ಬಡಿದು ಮೇಲೇಳುತ್ತಿದ್ದಂತೆ ಅಚ್ಚಾದ ತುಂಡನ್ನು ತೆಗೆಯಬೇಕು. ಪಾಳಿಯುದ್ದಕ್ಕೂ ಇದೇ ಕೆಲಸ. ಕೈ ಒಳಗಿದ್ದಾಗ ಯಂತ್ರವನ್ನು ತಡೆಯುವ ಸೆನ್ಸರ್ ಇಲ್ಲದಿದ್ದರೆ, ಅಥವಾ ಉತ್ಪಾದನೆ ಕುಂಠಿತವಾಗುತ್ತದೆಂದು ಅದನ್ನು ಕಳಚಿಟ್ಟಿದ್ದರೆ, ಮೊದಲು ಹೋಗುವುದು ಬೆರಳು. ಹೆಬ್ಬೆರಳು ಹೋದವನಿಗೆ ಸ್ಪ್ಯಾನರ್ ಹಿಡಿಯಲಾಗುವುದಿಲ್ಲ, ಆ ಕಸುಬಿನಲ್ಲಿ ಅವನಿಗೆ ಮತ್ತೆ ಕೆಲಸ ಸಿಗುವುದು ಕಷ್ಟ. 20 ರೂಪಾಯಿಯ ವಿಮೆ ಅವನಿಗೆ ಕೊಡುವುದೇನು? ಏನೂ ಇಲ್ಲ. ಕೈಯ ಉಪಯೋಗ ಪೂರ್ತಿಯಾಗಿ, ಇನ್ನೆಂದೂ ಮರಳದಂತೆ ಹೋಗಿರಬೇಕು ಎಂಬುದು ಅದರ ಷರತ್ತು.

ಈಗ 1923ರ ಪರಿಹಾರ ಕಾಯ್ದೆಯನ್ನು ನೋಡಿ. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿಸಿರುವುದು ಇದನ್ನೇ. ನೂರು ವರ್ಷದ ಹಿಂದಿನ ಆ ಕಾನೂನು ಬೆರಳುಗಳನ್ನು ಎಣಿಸುತ್ತದೆ. ಹೆಬ್ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ಶೇ 30 ನಷ್ಟ, ಒಂದು ಕೈಯ ನಾಲ್ಕು ಬೆರಳು ಹೋದರೆ ಶೇ 50. 2020ರಲ್ಲಿ ನಿಗದಿಯಾದ 15,000 ರೂಪಾಯಿ ಸಂಬಳದ ಮಿತಿಯನ್ನು ಹಿಡಿದು ಲೆಕ್ಕ ಹಾಕಿದರೆ, 30 ವರ್ಷದ ಕಾರ್ಮಿಕನ ಹೆಬ್ಬೆರಳಿಗೆ ಮಾಲೀಕ ಕೊಡಬೇಕಾದದ್ದು 5,61,546 ರೂಪಾಯಿ. ಜೀವವೇ ಹೋದರೆ ಕುಟುಂಬಕ್ಕೆ 15,59,850 ರೂಪಾಯಿ. ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಇರುವ ಕಡೆ ಈ ಇಡುಗಂಟಿನ ಬದಲು ಶಾಶ್ವತ ಅಂಗವೈಕಲ್ಯಕ್ಕೆ ತಿಂಗಳು ತಿಂಗಳು ಹಣ ಬರುತ್ತದೆ. ಇದಕ್ಕಾಗಿ ಕಾರ್ಮಿಕ ಮಾಲೀಕನ ತಪ್ಪನ್ನು ಸಾಬೀತು ಮಾಡಬೇಕಾಗಿಲ್ಲ. ಗಾಯ ಕೆಲಸದಿಂದ ಆದದ್ದೆಂದು ತೋರಿಸಿದರಾಯಿತು.

ಎರಡೂ ಜೊತೆಗಿರಲಿ, ನಷ್ಟವೇನು ಎನ್ನುತ್ತಾರೆ. ಕಾಗದದ ಮೇಲೆ ಎರಡೂ ಜೊತೆಗಿವೆ. ಪ್ರೆಸ್ ಶಾಪ್‌ನಲ್ಲಿ ಮಾತ್ರ ವಿಮೆ ಮಾಡಿಸಿದ ಮಾಲೀಕ ತನ್ನ ಹೊಣೆ ಅಲ್ಲಿಗೆ ಮುಗಿಯಿತು ಎಂದುಕೊಳ್ಳುತ್ತಾನೆ, ಕಾರ್ಮಿಕನೂ ಹಾಗೆಯೇ ನಂಬುತ್ತಾನೆ. ಇದಕ್ಕಿಂತ ದೊಡ್ಡ ಹಾನಿ ಇನ್ನೊಂದಿದೆ. ಹೆಬ್ಬೆರಳಿಗೆ ಐದೂವರೆ ಲಕ್ಷ ತೆರಬೇಕಾದ ಮಾಲೀಕ ಸೆನ್ಸರ್ ಹಾಕಿಸುವ ಬಗ್ಗೆ ಯೋಚಿಸುತ್ತಾನೆ. ದೇಶಕ್ಕೆಲ್ಲ ಒಂದೇ 20 ರೂಪಾಯಿ, ಅದೂ ಕಾರ್ಮಿಕನ ಖಾತೆಯಿಂದಲೇ ಕಡಿತವಾಗುವಾಗ, ಅಪಾಯದ ಯಂತ್ರ ಇಟ್ಟುಕೊಂಡವನಿಗೂ ಸುರಕ್ಷಿತ ಯಂತ್ರ ಇಟ್ಟುಕೊಂಡವನಿಗೂ ಖರ್ಚಿನಲ್ಲಿ ವ್ಯತ್ಯಾಸವೇ ಉಳಿಯುವುದಿಲ್ಲ. ಕಲ್ಲಿನ ದೂಳು ಕುಡಿದು ಬರುವ ಸಿಲಿಕೋಸಿಸ್‌ನಂಥ ರೋಗಗಳಂತೂ ಈ ವಿಮೆಯ ಲೆಕ್ಕಕ್ಕೇ ಬರುವುದಿಲ್ಲ. ಕಾಯ್ದೆಯ ಪಟ್ಟಿಯಲ್ಲಿ ಅವೂ ಇವೆ.

ಕಾನೂನಿನ ದಾರಿ ನಿಧಾನ, ವಕೀಲರ ಖರ್ಚು ಬೇರೆ ಎಂಬುದನ್ನು ಅಲ್ಲಗಳೆಯಲಾರೆ. ಮರ ಹತ್ತುವವರಿಗೆ, ತಳ್ಳುಗಾಡಿಯವರಿಗೆ ಸದ್ಯಕ್ಕೆ ಈ ವಿಮೆಯೇ ಗತಿ. ಅವರು ಅದನ್ನು ಬಿಡಬೇಕೆಂದು ನಾನೂ ಹೇಳಲಾರೆ. ಆದರೆ ಮಾಲೀಕನಿರುವ ಕಾರ್ಮಿಕ 2 ಲಕ್ಷಕ್ಕೆ ತೃಪ್ತನಾಗಬಾರದು. ಅಪಘಾತದ ನಂತರ ಮಾಲೀಕರು ಅಥವಾ ಗುತ್ತಿಗೆದಾರರು ಹಾಳೆಯೊಂದನ್ನು ಮುಂದಿಟ್ಟು ಸಹಿ ಹಾಕು ಎಂದರೆ ಹಾಕಬೇಡಿ. ಹಾಕಿದ್ದರೂ ಹೆದರಬೇಕಿಲ್ಲ: ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಒಪ್ಪಂದ ಕಾನೂನಿನ ಮುಂದೆ ನಿಲ್ಲುವುದಿಲ್ಲ. ಅರ್ಜಿ ಸಲ್ಲಿಸಲು ಅಪಘಾತವಾದ ದಿನದಿಂದ ಎರಡು ವರ್ಷ ಕಾಲಾವಕಾಶವಿದೆ.