'ನೀವು' ಅಂದ್ರೆ ಯಾರು?

ಲಕ್ಷ್ಮೀಪುರಂನ ನಮ್ಮ ಮನೆಯಲ್ಲಿ ಅಜ್ಜಿ ಹಾಸಿಗೆ ಹಿಡಿದು ಎಂಟು ತಿಂಗಳಾಯ್ತು. ನೋಡಿಕೊಳ್ಳೋಕೆ ಒಡಿಶಾದಿಂದ ಬಂದ ಹುಡುಗಿ ಇದ್ದಾಳೆ. ಅವಳು ಬಂದ ವಾರವೇ ಕನ್ನಡ ಕಲಿಯೋ ಪುಸ್ತಕ ತಂದುಕೊಟ್ಟು, ನನ್ನ ಜವಾಬ್ದಾರಿ ಮುಗೀತು ಅಂದ್ಕೊಂಡೆ.

ಒಂದು ರಾತ್ರಿ ಅಜ್ಜಿ, 'ಸ್ವಲ್ಪ ಕಾಲು ನೀವು ಮಗಾ' ಅಂದರಂತೆ. ಹುಡುಗಿ ಸುಮ್ಮನೆ ನಿಂತಳು. ಪುಸ್ತಕದ ಮೊದಲ ಪಾಠದಲ್ಲಿ ಅವಳು ಕಲಿತದ್ದು, 'ನೀವು' ಅಂದ್ರೆ ಎದುರಿಗಿರೋ ದೊಡ್ಡವರು ಅಂತ. ಅಜ್ಜಿ ಮತ್ತೆ ಕೇಳಲಿಲ್ಲ. ಬೆಳಿಗ್ಗೆ ನನಗೆ, 'ರಾತ್ರಿಯೆಲ್ಲ ಕಾಲು ಸೆಳೀತಿತ್ತು ಕಣೋ' ಅಂದರು.

ತಪ್ಪು ಹುಡುಗಿಯದಲ್ಲ. ಆ ಪುಸ್ತಕದಲ್ಲಿ ಬಣ್ಣಗಳಿವೆ, ಹಣ್ಣುಗಳಿವೆ, 'ನಾನು ಶಾಲೆಗೆ ಹೋಗುತ್ತೇನೆ' ಇದೆ. ಒರಗಿಸು, ಹೊದಿಸು, ಒತ್ತು, ಸವರು, ಕೆರಿ ಇಲ್ಲ. ಅಷ್ಟಕ್ಕೂ 'ಹೋಗುತ್ತೇನೆ' ಅಂತ ನಂಜುಮಳಿಗೆ ಸರ್ಕಲ್ಲಲ್ಲಿ ಯಾರು ಮಾತಾಡ್ತಾರೆ? 'ಹೋಗ್ತೀನಿ' ಅಂತೀವಿ.

ಹಾಂಗ್‌ಕಾಂಗ್‌ನಲ್ಲೂ ಇದೇ ಕಥೆ. ಶಾಲೆಯ ಬರಹದಲ್ಲಿ ಕುಡಿಯೋದಕ್ಕೆ, ಮಲಗೋದಕ್ಕೆ ಒಂದೊಂದು ಪದ. ಕ್ಯಾಂಟನೀಸ್ ಆಡುಮಾತಲ್ಲಿ 'ಯಮ್', 'ಫನ್' ಅಂತ ಬೇರೆಯೇ. ಬರಹದ ಪದ ಮಾತ್ರ ಕಲಿತವನಿಗೆ ಅಲ್ಲಿನ ಅಡುಗೆಮನೆಯ ಮಾತು ಅರ್ಧ ಅರ್ಥವಾಗಲ್ಲ.

'ಕೇಳ್ತಾ ಕೇಳ್ತಾ ಕಲೀತಾರೆ ಬಿಡಿ' ಅನ್ನೋರಿದ್ದಾರೆ. ಯಾರ ಬಾಯಿಂದ ಕೇಳಬೇಕು ಸ್ವಾಮಿ? ನಾನು ಅವಳ ಹತ್ರ ಆಡ್ತಿದ್ದದ್ದು ಹರಕು ಹಿಂದಿ, ಇಲ್ಲಾಂದ್ರೆ 'ಮಸಾಜ್ ಮಾಡು, ವಾಶ್ ಮಾಡು, ಕ್ಲೀನ್ ಮಾಡು'. ಪಾತ್ರೆ ಉಜ್ಜು, ಬಟ್ಟೆ ಒಗಿ, ನೆಲ ಒರೆಸು, ಕೈ ತೊಳಿ ಅನ್ನೋ ನಾಲ್ಕು ಕೆಲಸಕ್ಕೂ ನಮ್ಮದು ಒಂದೇ 'ಕ್ಲೀನ್ ಮಾಡು'. ನಮಗೇ ಮರೆತುಹೋದದ್ದನ್ನ ಅವರು ಎಲ್ಲಿಂದ ಕಲೀಬೇಕು? ಆಮೇಲೆ ನವೆಂಬರಲ್ಲಿ ಹಳದಿ-ಕೆಂಪು ಟೀ-ಶರ್ಟ್ ಹಾಕ್ಕೊಂಡು 'ಹೊರಗಿನವರು ಕನ್ನಡ ಕಲಿಯಲ್ಲ' ಅಂತ ಬೈಯೋರೂ ನಾವೇ.

ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆ 1969ರಲ್ಲಿ ಶುರುವಾಗಿದ್ದು ಇದೇ ಊರಲ್ಲಿ. ಬೇರೆ ರಾಜ್ಯದ ಮೇಷ್ಟ್ರುಗಳಿಗೆ ಅದು ಕನ್ನಡ ಕಲಿಸಿದೆ. ಆದರೆ ಹಗಲು-ರಾತ್ರಿ ಅಜ್ಜಿ ಪಕ್ಕ ಇರೋ ಹುಡುಗಿ ತರಗತಿಗೆ ಹೋಗೋದು ಯಾವಾಗ? ಅವಳಿಗೆ ನಮ್ಮನೆಯೇ ಶಾಲೆ, ನಾವೇ ಮೇಷ್ಟ್ರು.

ಮೊನ್ನೆ ಅಜ್ಜಿ ಪಕ್ಕ ಕೂತು, ಅವರು ದಿನಾ ಹೇಳೋ ನಲವತ್ತು ಕೆಲಸದ ಮಾತು ಬರೆದುಕೊಂಡೆ. ಒಂದೊಂದನ್ನೂ ಮಾಡಿ ತೋರಿಸಿದ್ವಿ. ಒಂದು ಸಂಜೆ ಸಾಕಾಯ್ತು. ನಿಮ್ಮನೆಯಲ್ಲೂ ಇದನ್ನ ಮಾಡಿ. ಬಣ್ಣ, ಹಣ್ಣು ಆಮೇಲೆ ಕಲಿಸೋಣ. ಮೊದಲು ಒತ್ತೋದು, ಒರಗಿಸೋದು, ನೀವೋದು.