ಮುನ್ನೂರರ ಲೆಕ್ಕ ಮತ್ತು ಘಟ್ಟದ ನೆಲ

ಪಶ್ಚಿಮ ಘಟ್ಟದ ಒಂದು ಚಾರಣ ಹಾದಿಗೆ ದಿನಕ್ಕೆ ಎಷ್ಟು ಜನರನ್ನು ಬಿಡಬಹುದು ಎಂಬ ಪ್ರಶ್ನೆಗೆ ಕರ್ನಾಟಕದ ಅರಣ್ಯ ಇಲಾಖೆ 2024ರಲ್ಲಿ ಕೊಟ್ಟ ಉತ್ತರ 300. ಆ ವರ್ಷದ ಗಣರಾಜ್ಯೋತ್ಸವದ ಸಾಲು ರಜೆಯಲ್ಲಿ ಕುಮಾರ ಪರ್ವತದ ಏರುಹಾದಿಯಲ್ಲಿ ಜನ ಒತ್ತೊತ್ತಾಗಿ ನಿಂತ ಚಿತ್ರಗಳು ಎಲ್ಲೆಡೆ ಹರಿದಾಡಿದ ಮೇಲೆ, ಆನ್‌ಲೈನ್ ಮುಂಗಡ ನೋಂದಣಿ ಇಲ್ಲದ ಚಾರಣ ಹಾದಿಗಳನ್ನು ಅರಣ್ಯ ಸಚಿವ ಈಶ್ವರ ಖಂಡ್ರೆ ತಾತ್ಕಾಲಿಕವಾಗಿ ಮುಚ್ಚಿಸಿದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ‘ಅರಣ್ಯ ವಿಹಾರ’ ಎಂಬ ಜಾಲತಾಣ ಬಂದು, ಗುರುತಿನ ಚೀಟಿ ತೋರಿಸಿ ಟಿಕೆಟ್ ಪಡೆಯುವ, ಒಂದು ಹಾದಿಗೆ ದಿನಕ್ಕೆ ಮುನ್ನೂರು ಜನರನ್ನಷ್ಟೇ ಬಿಡುವ ಪದ್ಧತಿ ಜಾರಿಯಾಯಿತು. ಅಂದಿನಿಂದ ನಡೆಯುತ್ತಿರುವ ವಾದವೆಲ್ಲ ಈ ಅಂಕಿಯ ಸುತ್ತಲೇ ಸುತ್ತುತ್ತಿದೆ. ಇದು ತೀರಾ ಕಡಿಮೆಯೆಂದು ಹೋಮ್‌ಸ್ಟೇ ಮತ್ತು ಜೀಪುಗಳನ್ನು ನಂಬಿದವರೂ, ತೀರಾ ಹೆಚ್ಚೆಂದು ವನ್ಯಜೀವಿ ಸಂರಕ್ಷಕರೂ, ಸಾರ್ವಜನಿಕ ಕಾಡಿಗೆ ಹೋಗಲು ಮಿತಿಯೇ ಏಕೆಂದು ನಗರದ ಚಾರಣಿಗರೂ ಜಗ್ಗಾಡುತ್ತಿದ್ದಾರೆ. ಆದರೆ ಬಸ್ಸಿನ ಸೀಟುಗಳಂತೆ ಎಲ್ಲ ಬೆಟ್ಟಗಳಿಗೂ ಒಂದೇ ಲೆಕ್ಕ ಕಟ್ಟಿದ ಈ ಅಂಕಿಗೂ ಆಯಾ ಬೆಟ್ಟದ ಮಣ್ಣು, ಇಳಿಜಾರು, ಮಳೆ, ಪ್ರಾಣಿಗಳಿಗೂ ಯಾವ ಸಂಬಂಧವಿದೆ ಎಂಬ ಪ್ರಶ್ನೆಯನ್ನು ಮೂವರಲ್ಲಿ ಯಾರೂ ಗಟ್ಟಿಯಾಗಿ ಕೇಳುತ್ತಿಲ್ಲ, ಮತ್ತು ಈ ವಿವಾದದಲ್ಲಿ ಕೇಳಲೇಬೇಕಾದ ಪ್ರಶ್ನೆ ಅದೊಂದೇ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಕಲಂ ವನ್ಯಜೀವಿಧಾಮದೊಳಗೆ ಯಾರು ಹೋಗಬಹುದು, ಯಾರು ಇರಬಹುದು ಎಂಬುದನ್ನು ಮಿತಿಗೊಳಿಸುತ್ತದೆ. 28ನೇ ಕಲಂ ವನ್ಯಜೀವಿಗಳ ಅಧ್ಯಯನ, ಛಾಯಾಗ್ರಹಣ, ವೈಜ್ಞಾನಿಕ ಸಂಶೋಧನೆ, ಪ್ರವಾಸ, ಒಳಗಿನ ನಿವಾಸಿಗಳೊಂದಿಗಿನ ಕಾನೂನುಬದ್ಧ ವ್ಯವಹಾರ ಎಂಬ ಕೆಲವೇ ಉದ್ದೇಶಗಳಿಗೆ ಮುಖ್ಯ ವನ್ಯಜೀವಿ ಪರಿಪಾಲಕರು ಪರವಾನಗಿ ನೀಡಬಹುದು ಎನ್ನುತ್ತದೆ. 35ನೇ ಕಲಂ ಈ ನಿಯಮಗಳನ್ನು ರಾಷ್ಟ್ರೀಯ ಉದ್ಯಾನಗಳಿಗೂ ಅನ್ವಯಿಸುತ್ತದೆ. ಕುಮಾರ ಪರ್ವತ ಇರುವುದು ಪುಷ್ಪಗಿರಿ ವನ್ಯಜೀವಿಧಾಮದಲ್ಲಿ, ಕುದುರೆಮುಖ ಶಿಖರ ಇರುವುದು 1987ರಲ್ಲಿ ಘೋಷಣೆಯಾದ, ಸುಮಾರು 600 ಚದರ ಕಿಲೋಮೀಟರ್ ವಿಸ್ತಾರದ ರಾಷ್ಟ್ರೀಯ ಉದ್ಯಾನದಲ್ಲಿ. ಆದ್ದರಿಂದ ಚಾರಣಿಗನ ಕೈಯಲ್ಲಿರುವ ಟಿಕೆಟ್ ಮನರಂಜನೆಗೆ ಕೊಟ್ಟ ಬೆಲೆಯ ರಸೀದಿಯಲ್ಲ. ವನ್ಯಜೀವಿಗಳ ಹಿತವನ್ನು ಮೊದಲು ನೋಡಬೇಕಾದ ಅಧಿಕಾರಿಯೊಬ್ಬರು ಆಲೋಚಿಸಿ ಕೊಟ್ಟ ಅನುಮತಿ ಅದು. ಅನುಮತಿ ಕೊಡುವವರು ಯಾವ ಆಧಾರದ ಮೇಲೆ ಕೊಟ್ಟೆವೆಂದು ಹೇಳಬೇಕಾಗುತ್ತದೆ, ಮತ್ತು ‘ಸರ್ವರ್ ಒಪ್ಪಿಕೊಂಡಿತು’ ಎಂಬುದು ಆಧಾರವಾಗಲಾರದು.

ಈ ಹಾದಿಗಳಲ್ಲಿ ನೆಲಕ್ಕೆ ಏನಾಗುತ್ತಿದೆ ಎಂಬುದನ್ನು ಹತ್ತಿರದಿಂದ ನೋಡಿದರೆ ಅಂಕಿಯ ಅರ್ಥ ಬೇರೆಯೇ ಆಗುತ್ತದೆ. ಕಳಸದ ಸಮೀಪದ ಮುಳ್ಳೋಡಿಯಿಂದ ಕುದುರೆಮುಖ ಶಿಖರಕ್ಕೆ ಹೋಗಿ ಬರಲು ಸುಮಾರು 20 ಕಿಲೋಮೀಟರ್ ನಡೆಯಬೇಕು. ಹಾದಿಯ ದೊಡ್ಡ ಪಾಲು ಶೋಲಾ ಕಾಡು, ಅಂದರೆ ಕಣಿವೆಯ ಮಡಿಲಲ್ಲಿ ಒತ್ತಾಗಿ ಬೆಳೆದ ಕುಳ್ಳ ಮರಗಳ ನಿತ್ಯಹರಿದ್ವರ್ಣ ಕಾಡು, ಮತ್ತು ಅದರ ಸುತ್ತ ದಿಬ್ಬಗಳ ಮೇಲೆ ಹಬ್ಬಿದ ಹುಲ್ಲುಗಾವಲು ಇವೆರಡರ ನಡುವೆ ಸಾಗುತ್ತದೆ. ಹುಲ್ಲುಗಾವಲಿನ ಮೇಲ್ಮಣ್ಣನ್ನು ಹಿಡಿದಿಟ್ಟಿರುವುದು ಹುಲ್ಲಿನ ಬೇರುಗಳ ಹೆಣಿಗೆ. ಮಳೆಯಲ್ಲಿ ನೆನೆದ ಆ ಮಣ್ಣಿನ ಮೇಲೆ ಬೂಟಿನ ಹಿಮ್ಮಡಿ ಮತ್ತೆ ಮತ್ತೆ ಊರಿದಾಗ ಮಣ್ಣಿನ ಕಣಗಳ ನಡುವಿನ ಸಂದುಗಳು ಮುಚ್ಚಿ, ನೀರು ಕೆಳಗಿಳಿಯುವುದನ್ನು ಬಿಟ್ಟು ಹಾದಿಯ ಮೇಲೆಯೇ ಹರಿಯತೊಡಗುತ್ತದೆ. ದನಕರು ಮತ್ತು ಊರಿನವರ ನಡಿಗೆಯಿಂದ ಮೂಡಿದ ಹಾದಿಗಳು ಹಲವೆಡೆ ಸುತ್ತುಬಳಸದೆ ನೆಟ್ಟಗೆ ಏರುವುದರಿಂದ, ಹರಿಯುವ ನೀರು ವೇಗ ಪಡೆದು ಮಣ್ಣನ್ನು ಕೊರೆದು ಹಾದಿಯನ್ನೇ ತೋಡಾಗಿಸುತ್ತದೆ. ತೋಡಿನೊಳಗೆ ಜಲ್ಲಿ ಎದ್ದು ಕಾಲು ಜಾರತೊಡಗಿದ ಕೂಡಲೆ ಮುಂದೆ ಬರುವವನು ಸಹಜವಾಗಿಯೇ ಪಕ್ಕದ ಹುಲ್ಲಿನ ಮೇಲೆ ಹೆಜ್ಜೆಯಿಡುತ್ತಾನೆ, ಅಲ್ಲಿ ಎರಡನೆಯ ಹಾದಿ ಮೂಡುತ್ತದೆ, ಕೆಲವು ಮಳೆಗಾಲಗಳಲ್ಲಿ ಎರಡೂ ಕೂಡಿಕೊಂಡು, ಒಬ್ಬರು ನಡೆಯುವಷ್ಟಿದ್ದ ಕಾಲುದಾರಿ ಹಲವು ಮಾರು ಅಗಲದ ಬೋಳು ಕೆಂಪುಮಣ್ಣಾಗುತ್ತದೆ. ಹೋಗಿ ಬರುವ ಮುನ್ನೂರು ಜನರೆಂದರೆ ಒಂದು ದಿಬ್ಬದ ಮೇಲೆ ದಿನಕ್ಕೆ 600 ಸಲದ ಓಡಾಟ. ಹಾದಿ ವರ್ಷದಲ್ಲಿ ನೂರು ದಿನ ತುಂಬಿದರೂ ಅದು 60,000 ಸಲದ ಓಡಾಟ.

ಕಾಲಮಾನದ ವಿಷಯ ಇನ್ನೂ ಕಳವಳದ್ದು. ಹುಲ್ಲು ಒಣಗಿ ಕಾಳ್ಗಿಚ್ಚಿನ ಭಯವಿರುವ ಬೇಸಿಗೆಯಲ್ಲಿ ಇಲಾಖೆ ಈ ಹಾದಿಗಳನ್ನು ಮುಚ್ಚುತ್ತದೆ, ಅದು ಸರಿಯಾದ ಕ್ರಮವೇ. ಆದರೆ ಕುದುರೆಮುಖದಂಥ ಕಡೆ ಮುಚ್ಚಿದ್ದು ತೆರೆದುಕೊಳ್ಳುವುದು ಮಳೆಯೊಂದಿಗೆ, ಮತ್ತು ಜನ ಮುಗಿಬೀಳುವುದು ಬೆಟ್ಟ ಹಸಿರಾಗಿ ಮೋಡ ಕೈಗೆಟಕುವಂತೆ ತೋರುವ ತಿಂಗಳುಗಳಲ್ಲಿ. ಹೀಗೆ ನೆಲ ಗಟ್ಟಿಯಾಗಿರುವಾಗ ಹಾದಿ ಖಾಲಿಯಿದ್ದು, ನೆಲ ಅತ್ಯಂತ ಮೆತ್ತಗಿರುವಾಗ ತುಂಬಿ ತುಳುಕುತ್ತದೆ. ವರ್ಷಕ್ಕೆ 5,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಸೀಮೆಯಲ್ಲಿ ಜುಲೈ ತಿಂಗಳ ಮುನ್ನೂರು ಜನ ಮತ್ತು ಡಿಸೆಂಬರ್ ತಿಂಗಳ ಮುನ್ನೂರು ಜನ ಒಂದೇ ಅಲ್ಲವೆಂಬುದು ಕಳಸದ ಯಾವ ರೈತನಿಗೂ ಗೊತ್ತಿರುವ ಸಂಗತಿ. ಪ್ಲಾಸ್ಟಿಕ್ ಕಣ್ಣಿಗೆ ಕಾಣುತ್ತದೆ, ಸ್ವಯಂಸೇವಕರು ಹೆಕ್ಕಿ ಕೆಳಗೆ ತರಬಹುದು, ಆ ಕೆಲಸ ಮೆಚ್ಚತಕ್ಕದ್ದೇ. ಕೊಚ್ಚಿ ಹೋದ ಮೇಲ್ಮಣ್ಣನ್ನು ಯಾರೂ ಹೆಕ್ಕಿ ಮೇಲೆ ತರಲಾರರು. ತುಂಗೆ, ಭದ್ರೆ, ನೇತ್ರಾವತಿಗಳ ಹುಟ್ಟು ಇದೇ ಬೆಟ್ಟಸಾಲಿನಲ್ಲಿರುವಾಗ ಮಣ್ಣಿನ ಮಾತು ಕೇವಲ ನಡೆಯುವವರ ಅನುಕೂಲದ ಮಾತಾಗಿ ಉಳಿಯುವುದಿಲ್ಲ.

ಮಿತಿಯನ್ನು ಹೇಗೆ ಕಂಡುಕೊಳ್ಳಬೇಕೆಂಬ ಜ್ಞಾನ ಇಲಾಖೆಗೆ ಹೊಸತೇನಲ್ಲ. ಹುಲಿ ಸಂರಕ್ಷಿತ ಪ್ರದೇಶಗಳ ಒಳಭಾಗದಲ್ಲಿ ಪ್ರವಾಸೋದ್ಯಮವನ್ನು ಸುಪ್ರೀಂ ಕೋರ್ಟ್ 2012ರ ಜುಲೈನಲ್ಲಿ ತಡೆಹಿಡಿದು, ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ಹೊರಡಿಸಿದ ಮೇಲೆ ಅಕ್ಟೋಬರ್‌ನಲ್ಲಿ ಆ ತಡೆಯನ್ನು ತೆರವುಗೊಳಿಸಿತು. ಆ ಮಾರ್ಗಸೂಚಿಯಲ್ಲಿ ಧಾರಣ ಸಾಮರ್ಥ್ಯ, ಅಂದರೆ ಒಂದು ತಾಣ ಹಾಳಾಗದೆ ಎಷ್ಟು ಭೇಟಿಗಳನ್ನು ತಾಳಿಕೊಳ್ಳಬಲ್ಲದು ಎಂಬುದನ್ನು ಲೆಕ್ಕ ಹಾಕುವ ಕ್ರಮವಿದೆ: ಮೊದಲು ಜಾಗದ ಅಳತೆಯಷ್ಟೇ ನೋಡಿ ಒಂದು ಗರಿಷ್ಠ ಸಂಖ್ಯೆ, ಅದರಲ್ಲಿ ಸವಕಳಿ, ಪ್ರಾಣಿಗಳಿಗಾಗುವ ತೊಂದರೆ ಮುಂತಾದವುಗಳನ್ನು ಕಳೆದು ಉಳಿಯುವ ನೈಜ ಸಂಖ್ಯೆ, ಅದರಲ್ಲೂ ಲಭ್ಯವಿರುವ ಸಿಬ್ಬಂದಿ ನಿಭಾಯಿಸಬಲ್ಲಷ್ಟು ಮಾತ್ರ ಅಂತಿಮ ಸಂಖ್ಯೆ. ಅಮೆರಿಕದ ಅರಣ್ಯ ಸೇವೆ 1985ರಲ್ಲಿ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ಜನರ ಸಂಖ್ಯೆಯಿಂದ ಹೊರಡುವ ಬದಲು ನೆಲದಲ್ಲಿ ಎಷ್ಟು ಬದಲಾವಣೆಯನ್ನು ಒಪ್ಪಿಕೊಳ್ಳಬಹುದೆಂದು ಮೊದಲೇ ತೀರ್ಮಾನಿಸಿ, ಅದನ್ನು ಕಾಲಕಾಲಕ್ಕೆ ಅಳೆದು, ಗೆರೆ ದಾಟಿದಾಗ ನಿರ್ವಹಣೆಯನ್ನು ಬದಲಿಸುವ ವಿಧಾನವನ್ನು ರೂಪಿಸಿತು. ಅಮೆರಿಕದ ಕಾಡೇ ಬೇರೆ, ನಮ್ಮ ಘಟ್ಟವೇ ಬೇರೆ ಎಂಬ ಆಕ್ಷೇಪ ಇಲ್ಲಿ ನಿಲ್ಲುವುದಿಲ್ಲ, ಏಕೆಂದರೆ ಈ ವಿಧಾನದ ಜೀವಾಳವೇ ಆಯಾ ಸ್ಥಳವನ್ನು ಅಲ್ಲಿಯೇ ಅಳೆಯುವುದು. ಹಾದಿಯ ಗೊತ್ತುಪಡಿಸಿದ ಜಾಗಗಳಲ್ಲಿ ಅಗಲ ಎಷ್ಟು, ತೋಡಿನ ಆಳ ಎಷ್ಟು, ಅಕ್ಕಪಕ್ಕ ಬೋಳಾದ ನೆಲ ಎಷ್ಟು ಎಂಬುದನ್ನು ಮಳೆಗಾಲಕ್ಕೆ ಮುಂಚೆ ಮತ್ತು ಆಮೇಲೆ ಬರೆದಿಡಲು ಒಂದು ಟೇಪು, ಒಂದು ಪುಸ್ತಕ, ಒಬ್ಬ ಅರಣ್ಯ ರಕ್ಷಕ ಸಾಕು. ಅಳತೆಯ ಬಲದ ಮೇಲೆ ಒಂದು ಹಾದಿಗೆ 80, ಇನ್ನೊಂದಕ್ಕೆ 250, ಮತ್ತೊಂದಕ್ಕೆ ಎರಡು ವರ್ಷ ಸೊನ್ನೆ ಎಂದು ಹೇಳುವ ಇಲಾಖೆಯ ಮಾತನ್ನು ನ್ಯಾಯಾಲಯವೂ ಜನರೂ ಗೌರವಿಸುತ್ತಾರೆ. ಎಲ್ಲದಕ್ಕೂ ಒಂದೇ ಅಂಕಿ ಕೊಟ್ಟವರ ಮೇಲೆ ನಾಳೆ ಅದನ್ನು 500 ಮಾಡಿ ಎಂಬ ಒತ್ತಡ ಬಂದರೆ ತಡೆಯಲು ಅವರ ಬಳಿ ಏನೂ ಇರುವುದಿಲ್ಲ.

ಇದನ್ನು ಕೇಳಿದ ಸಂರಕ್ಷಕರಲ್ಲಿ ಕೆಲವರು ಹಾಗಿದ್ದರೆ ಹಾದಿಗಳನ್ನು ಪೂರ್ತಿ ಮುಚ್ಚಿಬಿಡುವುದೇ ಲೇಸು ಎನ್ನುತ್ತಾರೆ. ಅವರ ಕಳಕಳಿ ಪ್ರಾಮಾಣಿಕವಾದದ್ದು, ಆದರೆ ಕುದುರೆಮುಖದ ಚರಿತ್ರೆ ಅವರ ವಾದಕ್ಕೆ ಎದುರಾಗಿ ನಿಂತಿದೆ. ಅಲ್ಲಿನ ಕಬ್ಬಿಣದ ಅದಿರಿನ ಗಣಿಗಾರಿಕೆ ತಾನಾಗಿ ನಿಂತದ್ದಲ್ಲ. ಗಣಿಯಿಂದ ಭದ್ರೆಗೆ ಇಳಿಯುತ್ತಿದ್ದ ಹೂಳನ್ನೂ ಒಡೆದುಹೋದ ಬೆಟ್ಟವನ್ನೂ ಕಣ್ಣಾರೆ ಕಂಡವರು ವರ್ಷಗಟ್ಟಲೆ ದನಿಯೆತ್ತಿ, ನಾಗರಹೊಳೆಯಲ್ಲಿ ವಲಯ ಅರಣ್ಯಾಧಿಕಾರಿಯಾಗಿದ್ದ ಕೆ.ಎಂ. ಚಿಣ್ಣಪ್ಪನವರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿ, 2002ರಲ್ಲಿ ತೀರ್ಪು ಬಂದು, 2005ರ ಕೊನೆಯಲ್ಲಿ ಗಣಿ ನಿಂತಿತು. ಯಾರೂ ನೋಡದ ಕಾಡಿನಲ್ಲಿ ಯೋಜನೆಗಳು ಸದ್ದಿಲ್ಲದೆ ಒಳಬರುತ್ತವೆ. ಬೆಂಗಳೂರಿನ ಯುವಕ ಯುವತಿಯರು ಶುಕ್ರವಾರ ರಾತ್ರಿಯ ಬಸ್ಸು ಹತ್ತಿ ಘಟ್ಟಕ್ಕೆ ಬರುವುದನ್ನು ಬರೀ ಮೋಜೆಂದು ತಳ್ಳಿಹಾಕುವುದು ಅನ್ಯಾಯವೂ ಹೌದು, ಅವಿವೇಕವೂ ಹೌದು; ತಾವು ಕುಡಿಯುವ ನೀರು ಎಲ್ಲಿಂದ ಬರುತ್ತದೆಂದು ಒಮ್ಮೆ ಕಂಡವರಲ್ಲಿ ಕೆಲವರಾದರೂ ನಾಳೆ ಈ ಬೆಟ್ಟಗಳ ಪರವಾಗಿ ನಿಲ್ಲುತ್ತಾರೆ. ಬೇಕಾಗಿರುವುದು ಅಂಥವರಿಗೆ ನೋಡಲು ಬಿಡುವು ಸಿಗುವಷ್ಟು ವಿರಳವಾದ, ನಿಶ್ಶಬ್ದವಾದ ಹಾದಿ. ಮುಂದಿನವರ ಬೆನ್ನುಚೀಲ ನೋಡುತ್ತ ಏರಿ, ಶಿಖರದಲ್ಲಿ ಫೋಟೊಗೆ ಸರದಿ ನಿಂತು ಇಳಿದವರಿಗೆ ಸಿಂಗಳೀಕವೂ ಕಾಣುವುದಿಲ್ಲ, ಶೋಲಾ ಕಾಡೂ ಅರ್ಥವಾಗುವುದಿಲ್ಲ.

ಸ್ಥಳೀಯರ ಜೀವನೋಪಾಯದ ವಾದವನ್ನು ಹಗುರವಾಗಿ ಕಾಣುವಂತಿಲ್ಲ, ಆದರೆ ಸ್ಥಳೀಯರೆಂದರೆ ಯಾರು ಎಂಬುದನ್ನು ಬಿಡಿಸಿ ನೋಡಬೇಕು. ಕುದುರೆಮುಖ ಉದ್ಯಾನದ ಒಳಗೂ ಅಂಚಿನಲ್ಲೂ ಮಲೆಕುಡಿಯರು, ಗೌಡಲು ಮುಂತಾದ ಸಮುದಾಯಗಳ ಮನೆಗಳಿವೆ. ರಾಷ್ಟ್ರೀಯ ಉದ್ಯಾನದ ನಿಯಮಗಳನ್ನು ತೋರಿಸಿ ರಸ್ತೆ, ಸೇತುವೆ, ವಿದ್ಯುತ್ತಿನಂಥ ಸೌಕರ್ಯಗಳಿಗೆ ಇವರನ್ನು ವರ್ಷಗಟ್ಟಲೆ ಕಾಯಿಸಲಾಗಿದೆ, ಪುನರ್ವಸತಿ ಪಡೆದು ಹೊರಗೆ ಹೋಗಿ ಎಂದು ಹೇಳಲಾಗಿದೆ. ಅದೇ ನೆಲದ ಮೇಲೆ ವಾರಾಂತ್ಯಕ್ಕೆ ನೂರಾರು ಜನರನ್ನು ಟಿಕೆಟ್ ಕೊಟ್ಟು ಒಳಬಿಡುವಾಗ, ಕಾಡಿಗೆ ತೊಂದರೆಯಾಗುತ್ತದೆ ಎಂದು ಆ ಮನೆಗಳವರಿಗೆ ಹೇಳುವ ನೈತಿಕ ಹಕ್ಕು ಇಲಾಖೆಗೆ ಉಳಿಯುತ್ತದೆಯೇ? ಸಂಖ್ಯೆ ಇಳಿಸಿದರೆ ಸ್ಥಳೀಯರ ಹೊಟ್ಟೆಗೆ ಹೊಡೆದಂತೆ ಎಂಬ ಮಾತು, ಹಣ ಯಾರ ಕೈ ಸೇರುತ್ತಿದೆ ಎಂಬ ಲೆಕ್ಕವಿಲ್ಲದೆ ಪೊಳ್ಳು. ನಗರದ ಚಾರಣ ಸಂಸ್ಥೆಗಳು ಬಸ್ಸು, ಊಟ, ವಾಸ್ತವ್ಯ ಎಲ್ಲವನ್ನೂ ಒಂದೇ ಪ್ಯಾಕೇಜಿನಲ್ಲಿ ಮಾರುವ ಪದ್ಧತಿಯಲ್ಲಿ ಜನ ಹೆಚ್ಚಿದಷ್ಟೂ ಸಂಸ್ಥೆಗಳ ವಹಿವಾಟು ಹೆಚ್ಚುತ್ತದೆಯೇ ಹೊರತು ದಾರಿ ತೋರಿಸುವ ಹುಡುಗನ ದಿನಗೂಲಿ ಹೆಚ್ಚುವುದಿಲ್ಲ. ಪ್ರತಿ ಗುಂಪಿಗೂ ಊರಿನ ಮಾರ್ಗದರ್ಶಿ ಕಡ್ಡಾಯವಾಗಿ, ಒಬ್ಬ ಮಾರ್ಗದರ್ಶಿಗೆ ಎಂಟೋ ಹತ್ತೋ ಜನರೆಂದು ನಿಗದಿಯಾಗಿ, ಅವನ ಅಥವಾ ಅವಳ ಸಂಭಾವನೆ ನೇರವಾಗಿ ಖಾತೆಗೆ ಬೀಳುವಂತಾದರೆ, ಕಡಿಮೆ ಜನರಿಂದಲೇ ಊರಿಗೆ ಈಗಿನದಕ್ಕಿಂತ ಹೆಚ್ಚಿನ ದುಡಿಮೆ ಸಿಗಬಹುದು.

ಸಂಖ್ಯೆ ಇಳಿದಾಗ ದರ ಏರಿಸಿ ಬೇಡಿಕೆ ತಗ್ಗಿಸುವ ಆಸೆ ಇಲಾಖೆಗೆ ಬರುವುದು ಸಹಜ. ಅದನ್ನು ಖಂಡಿತ ತಡೆಯಬೇಕು. ಸಾರ್ವಜನಿಕ ಕಾಡಿನ ಬಾಗಿಲು ದುಡ್ಡಿದ್ದವರಿಗೆ ಮಾತ್ರ ತೆರೆದರೆ, ಸರ್ಕಾರಿ ಕಾಲೇಜಿನ ವಿದ್ಯಾರ್ಥಿಗಳು ತಮ್ಮ ಜಿಲ್ಲೆಯ ಬೆಟ್ಟವನ್ನೇ ಹತ್ತಲಾರದೆ ಹೋಗುತ್ತಾರೆ. ವಾರಾಂತ್ಯದ ಪರವಾನಗಿಗಳನ್ನು ಲಾಟರಿ ಎತ್ತಿ ಹಂಚುವುದು, ವಾರದ ನಡುವಿನ ದಿನಗಳಲ್ಲಿ ಶಾಲಾ ಕಾಲೇಜುಗಳಿಗೆ ಒಂದು ಪಾಲು ಮೀಸಲಿಡುವುದು, ಒಬ್ಬರ ಹೆಸರಿನಲ್ಲಿ ಹತ್ತಾರು ಟಿಕೆಟ್ ಹಿಡಿದಿಟ್ಟು ಮಾರುವುದನ್ನು ಗುರುತಿನ ಚೀಟಿಯ ಮೂಲಕ ನಿಲ್ಲಿಸುವುದು, ಇವುಗಳಲ್ಲಿ ಯಾವುದೂ ಕಷ್ಟದ ಕೆಲಸವಲ್ಲ.

ಎಲ್ಲಕ್ಕಿಂತ ದೊಡ್ಡ ಅಪಾಯ ಇರುವುದು ಕಟ್ಟಡಗಳಲ್ಲಿ. ಅರಣ್ಯ ಸಂರಕ್ಷಣಾ ಕಾಯ್ದೆಗೆ 2023ರಲ್ಲಿ ಬಂದ ತಿದ್ದುಪಡಿ, ಕಾರ್ಯಯೋಜನೆ ಅಥವಾ ವನ್ಯಜೀವಿ ನಿರ್ವಹಣಾ ಯೋಜನೆಯಲ್ಲಿ ಸೇರಿಸಿದ ಪರಿಸರ ಪ್ರವಾಸೋದ್ಯಮದ ಸೌಕರ್ಯಗಳನ್ನು ‘ಅರಣ್ಯೇತರ ಬಳಕೆ’ ಎಂಬ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಅರಣ್ಯೇತರ ಬಳಕೆಯೆಂದರೆ ಕೇಂದ್ರದ ಪೂರ್ವಾನುಮತಿಯಿಲ್ಲದೆ ಅರಣ್ಯ ಭೂಮಿಯಲ್ಲಿ ಮಾಡಕೂಡದ ಕೆಲಸ. ವನ್ಯಜೀವಿಧಾಮಗಳೊಳಗೆ ವಾಣಿಜ್ಯ ವಸತಿಗೃಹಗಳಿಗೆ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಒಪ್ಪಿಗೆ ಬೇಕೆಂಬ ನಿಯಮ ಇನ್ನೂ ಉಳಿದಿದೆಯಾದರೂ, ಮೀಸಲು ಅರಣ್ಯದ ಬೆಟ್ಟಗಳಲ್ಲಿ ವೀಕ್ಷಣಾ ಗೋಪುರ, ಉಪಾಹಾರ ಗೃಹ, ಮೇಲಿನವರೆಗೆ ಜೀಪು ಹೋಗುವ ರಸ್ತೆ ಇವೆಲ್ಲಕ್ಕೂ ದಾರಿ ಈಗ ಸಲೀಸಾಗಿದೆ. ಟಿಕೆಟಿನಿಂದ ಬರುವ ಆದಾಯ ಹೆಚ್ಚಾದಂತೆ ಇಂಥ ಪ್ರಸ್ತಾವಗಳೂ ಹೆಚ್ಚುತ್ತವೆ, ಏಕೆಂದರೆ ಕಾಡು ಕಾಯುವುದೂ ಪ್ರವಾಸಿಗರನ್ನು ಕರೆಯುವುದೂ ಒಂದೇ ಇಲಾಖೆಯ ಕೈಯಲ್ಲಿವೆ. ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ಪ್ರವಾಸಿಗರ ಶುಲ್ಕವನ್ನು ಅಲ್ಲಿನ ಸಂರಕ್ಷಣೆಗೂ ಸ್ಥಳೀಯರಿಗೂ ಬಳಸಲು ಹುಲಿ ಸಂರಕ್ಷಣಾ ಪ್ರತಿಷ್ಠಾನಗಳಿವೆ. ಕುದುರೆಮುಖ, ಪುಷ್ಪಗಿರಿಗಳು ಆ ಪಟ್ಟಿಯಲ್ಲಿಲ್ಲ, ಆದ್ದರಿಂದ ಇಲ್ಲಿನ ಹಾದಿಗಳ ಹಣ ಇಲ್ಲಿನ ಹಾದಿಗಳಿಗೇ ಮರಳುವಂತೆ ರಾಜ್ಯವೇ ನಿಯಮ ಮಾಡಬೇಕು. ಆ ಹಣದಲ್ಲಿ ಮೊದಲು ನಡೆಯಬೇಕಾದದ್ದು ನೆಟ್ಟಗೆ ಏರುವ ತುಣುಕುಗಳನ್ನು ಸುತ್ತುಹಾದಿಯಾಗಿಸುವ, ನೀರು ಹಾದಿಯಿಂದ ಆಚೆ ಹರಿಯುವಂತೆ ಅಡ್ಡಗಲ್ಲುಗಳನ್ನಿಡುವ, ಬೋಳಾದ ಜಾಗಗಳಿಗೆ ಅಲ್ಲಿನದೇ ಹುಲ್ಲನ್ನು ಕೂರಿಸುವ ಕೆಲಸ, ಮತ್ತು ಅದನ್ನು ಮಾಡಬಲ್ಲ ಕೈಗಳು ಈ ಹಾದಿಗಳ ಬಳಿಯ ಊರುಗಳಾದ ಸಂಸೆ, ಕಳಸ, ಬೀದಹಳ್ಳಿಗಳಲ್ಲೇ ಇವೆ. ಬೆಂಕಿಯ ಕಾಲ ಮುಗಿದು ಮುಂದಿನ ಸಲ ನೋಂದಣಿ ತೆರೆಯುವ ಮೊದಲು ಪ್ರತಿ ಹಾದಿಯ ಅಳತೆ, ಅದರ ಆಧಾರದ ಮೇಲೆ ನಿಗದಿಯಾದ ತಿಂಗಳುವಾರು ಸಂಖ್ಯೆ, ಹಿಂದಿನ ವರ್ಷ ಸಂಗ್ರಹವಾದ ಶುಲ್ಕ ಮತ್ತು ಅದು ಖರ್ಚಾದ ಬಾಬ್ತು ಈ ನಾಲ್ಕನ್ನೂ ಇಲಾಖೆ ಅದೇ ಜಾಲತಾಣದಲ್ಲಿ ಕನ್ನಡದಲ್ಲಿ ಪ್ರಕಟಿಸಬೇಕು, ಮತ್ತು ಅಳತೆ ಮುಗಿಯದ ಹಾದಿಗೆ ಅಳತೆ ಮುಗಿಯುವವರೆಗೆ ಟಿಕೆಟ್ ಕೊಡಬಾರದು.