ಅಜಾಕ್ಸ್, ಅಶ್ವತ್ಥಾಮ ಮತ್ತು ಒಂದು ನಿಮಿಷದ ಕೌರವ

ಭಾಗ 1/4
ಹ್ವಾಯ್, ಮೊದಲು ಫೋಟೋ ಕಾಣಿ. ಇದು ಫ್ರಾನ್ಸಿನ ಮ್ಯೂಸಿಯಂ ಒಂದರಲ್ಲಿರುವ ಗ್ರೀಕ್ ಹೂಜಿ. ಕ್ರಿ.ಪೂ. 530ರ ಆಸುಪಾಸು ಎಕ್ಸೆಕಿಯಾಸ್ ಎಂಬ ಕಲಾವಿದ ಬರೆದ ಚಿತ್ರ. ಗಟ್ಟಿ ಆಳೊಬ್ಬ ಒಬ್ಬನೇ ಬಗ್ಗಿ ಕೂತು, ಕತ್ತಿಯನ್ನು ಮೊನೆ ಮೇಲಾಗಿ ನೆಲದಲ್ಲಿ ನೆಡ್ತಾ ಇದ್ದಾನೆ. ಹೆಸರು ಅಜಾಕ್ಸ್.

ಕಥೆ ಇಷ್ಟೆ. ಟ್ರಾಯ್ ಯುದ್ಧದಲ್ಲಿ ಅಕಿಲೀಸ್ ಸತ್ತ ಮೇಲೆ ಅವನ ಕವಚ ತನಗೆ ಸಿಗ್ಬೇಕು ಅಂತ ಅಜಾಕ್ಸ್‌ಗೆ ಇತ್ತು. ಸಿಕ್ಕಿದ್ದು ಒಡಿಸ್ಯೂಸ್‌ಗೆ. ಸಿಟ್ಟಲ್ಲಿ ತನ್ನದೇ ಪಾಳಯದ ಮುಖಂಡರನ್ನು ಕೊಲ್ಲಲು ರಾತ್ರಿ ಹೊರಟ. ಅಥೀನಾ ದೇವಿ ಅವನ ಬುದ್ಧಿಗೆ ಮಂಕು ಹಾಕಿದಳು. ಶತ್ರುಗಳು ಅಂದ್ಕೊಂಡು ಕುರಿ, ದನ ಕಡಿದ. ಬುದ್ಧಿ ತಿಳಿದಾಗ ನಾಚಿಕೆ ತಡೆಯಲಾಗದೆ ಪ್ರಾಣ ಬಿಟ್ಟ.

ಭಾಗ 2/4
ಇವನು ಕನ್ನಡಕ್ಕೂ ಬಂದಿದ್ದಾನೆ. ಸೋಫೋಕ್ಲಿಸ್ ಬರೆದ ‘ಅಜಾಕ್ಸ್’ ನಾಟಕವನ್ನು ಇಟ್ಟುಕೊಂಡು ಬಿ.ಎಂ.ಶ್ರೀ 1929ರಲ್ಲಿ ‘ಅಶ್ವತ್ಥಾಮನ್’ ಬರೆದರು. ಅದಕ್ಕೂ ಮೊದಲು, 1926ರಲ್ಲಿ, ರನ್ನನ ಕಾವ್ಯವನ್ನೇ ‘ಗದಾಯುದ್ಧ ನಾಟಕಂ’ ಮಾಡಿ ದುರ್ಯೋಧನನನ್ನು ಗ್ರೀಕ್ ವೀರರ ಸಾಲಲ್ಲಿ ನಿಲ್ಲಿಸಿದ್ದರು. ದೊಡ್ಡ ಕೆಲಸ, ಅದರ ಮೇಲೆ ನನ್ನ ತಕರಾರಿಲ್ಲ.

ತಕರಾರು ಇರೂದು ಆಮೇಲೆ ನಮ್ಮ ಕೈಗೆ ಸಿಕ್ಕಿದ ‘ದುರಂತ ನಾಯಕ’ ಎಂಬ ಸೀಲಿನ ಮೇಲೆ. ಒಂದು ತಪ್ಪಿನಿಂದ ಬಿದ್ದ ದೊಡ್ಡ ಮನುಷ್ಯ ಅಂತ ಪರೀಕ್ಷೆಗೆ ಎರಡು ಸಾಲು ಬರೆದ್ರೆ ಮುಗೀತು. ಸ್ವಲ್ಪ ನಿಲ್ಲಿ ಮಾರ್ರೆ. ಅಜಾಕ್ಸ್ ಕೊಂದದ್ದು ಕುರಿ, ಅದೂ ಬುದ್ಧಿ ಕೆಟ್ಟಾಗ. ಮಹಾಭಾರತದ ಅಶ್ವತ್ಥಾಮ ಕೊಂದದ್ದು ಮಲಗಿದ್ದ ದ್ರೌಪದಿಯ ಐದು ಮಕ್ಕಳನ್ನು, ಬುದ್ಧಿ ನೆಟ್ಟಗಿದ್ದಾಗ. ಅಪ್ಪನನ್ನು ಸುಳ್ಳು ಹೇಳಿ ಕೊಲ್ಲಿಸಿದ ನೋವು ಅವನಿಗೆ ಇತ್ತು, ನಿಜ. ಆದ್ರೆ ಇಬ್ಬರಿಗೂ ಒಂದೇ ಸೀಲು ಒತ್ತಿದ್ರೆ ಆ ಐದು ಮಕ್ಕಳು ಎಲ್ಲಿಗೆ ಹೋದ್ರು?

ಭಾಗ 3/4
ಸೆಮಿನಾರಿನಲ್ಲಿ ಸೀಲು ಮಾಡಿದ ಕೆಲಸವನ್ನೇ ಈಗ ರೀಲು ಮಾಡ್ತಾ ಇದೆ. ‘ಕೃಷ್ಣ ಸಂಧಾನ’ ಪ್ರಸಂಗ ತಗೊಳ್ಳಿ. ಐದು ಊರೂ ಕೊಡುದಿಲ್ಲ ಅಂತ ಕೌರವ ಗುಡುಗುವ ಒಂದು ನಿಮಿಷ ಕತ್ತರಿಸಿ, ಕೆಳಗೆ ಸಿನಿಮಾ ಮ್ಯೂಸಿಕ್ ಹಾಕಿ, ‘ನಿಜವಾದ ಹೀರೋ’ ಅಂತ ಬರೀತಾರೆ. ಅರಗಿನ ಮನೆ ಎಂತಾಯ್ತು, ಸಭೆಯಲ್ಲಿ ದ್ರೌಪದಿಗೆ ಎಂತ ಮಾಡ್ದೆ ಅಂತ ಕೃಷ್ಣ ಕೇಳುವ ಹೊತ್ತಿಗೆ ರೀಲು ಮುಗಿದಿರ್ತದೆ.

ಯಕ್ಷಗಾನದ ಅರ್ಥಗಾರಿಕೆ ಇಬ್ಬರು ಕೂಡಿ ಕಟ್ಟುವ ಮಾತು. ಕೌರವ ಎಷ್ಟು ಚೆಂದ ವಾದ ಮಾಡ್ತಾನೋ, ಎದುರು ವೇಷ ಅಷ್ಟೇ ಗಟ್ಟಿ ಉತ್ತರ ಕೊಡ್ಬೇಕು. ತಾಳಮದ್ದಳೆಯಂತೂ ವೇಷವೂ ಇಲ್ಲದೆ ಬರೀ ಆ ವಾದದ ಮೇಲೇ ನಿಂತಿದೆ. ನಮ್ಮ ಕೋಟದ ಶಿವರಾಮ ಕಾರಂತರು ಯಕ್ಷಗಾನ ಬ್ಯಾಲೆ ಮಾಡುವಾಗ ಮಾತು ಬಿಟ್ಟರು. ಬಿಟ್ಟದ್ದು ಎರಡೂ ಕಡೆಯದ್ದು. ರೀಲಿನವರು ಒಬ್ಬನ ಮಾತು ಇಟ್ಟುಕೊಂಡು ಇನ್ನೊಬ್ಬನ ಬಾಯಿ ಮುಚ್ತಾರೆ. ಬಿಕಾಂನಲ್ಲಿ ನಾವು ಹೀಗೆ ಒಂದೇ ಬದಿ ಬರೆದ್ರೆ ಲೆಕ್ಕ ಟ್ಯಾಲಿ ಆತಿಲ್ಲ.

ರೀಲು ಕಂಡು ಆಟಕ್ಕೆ ಬಪ್ಪೋರು ಇದ್ದಾರೆ, ಒಪ್ಪಿದೆ. ಆದ್ರೆ ಹೆಣ್ಣೊಬ್ಬಳ ಸೀರೆ ಎಳೆಸಿದವನ ಮಾತಿಗೆ ಬರೀ ಶಿಳ್ಳೆ ಹೊಡೆಯುದನ್ನು ಕಲಿತು ಬಂದವರು, ಕೃಷ್ಣ ಮಾತಾಡುವಾಗ ಮೊಬೈಲ್ ಕೆಳಗಿಟ್ಟು ಕೇಳ್ತಾರಾ?

ಭಾಗ 4/4
ಹಾಗಾದ್ರೆ ಕೌರವನನ್ನು ಮೆಚ್ಚಬಾರ್ದಾ? ಮೆಚ್ಚಿ. ರನ್ನನೂ ಮೆಚ್ಚಿದ್ದಾನೆ. ತನ್ನ ದೊರೆ ಸತ್ಯಾಶ್ರಯನನ್ನು ಭೀಮನಿಗೆ ಸಮ ಮಾಡಿ ಕಾವ್ಯ ಬರೆದ ಕವಿ, ಆ ಭೀಮನ ಶತ್ರುವಿಗೆ ಎಂಥಾ ಜಾಗ ಕೊಟ್ಟ ಕಾಣಿ. ಹೆಣಗಳ ನಡುವೆ ನಡೆಯುವ ದುರ್ಯೋಧನ ಅಭಿಮನ್ಯುವಿನ ಹೆಣದ ಮುಂದೆ ಕೈ ಮುಗಿಯುತ್ತಾನೆ. ಆದ್ರೆ ಅದೇ ಕಾವ್ಯದಲ್ಲಿ ದ್ರೌಪದಿಯ ಸಿಟ್ಟೂ ಇದೆ. ಒಂದಕ್ಕಾಗಿ ರನ್ನ ಇನ್ನೊಂದನ್ನು ಅಳಿಸಲಿಲ್ಲ.

ಸೋಫೋಕ್ಲಿಸ್ ಕೂಡ ಹಾಗೇ. ಅಜಾಕ್ಸ್ ಸತ್ತ ಮೇಲೂ ನಾಟಕ ತುಂಬಾ ಹೊತ್ತು ನಡೀತದೆ. ಹೆಣ ಮಣ್ಣು ಮಾಡ್ಬೇಕಾ ಬ್ಯಾಡ್ದಾ ಅಂತ ಥೇಟ್ ತಾಳಮದ್ದಳೆಯ ಹಾಗೆ ವಾದ. ಕೊನೆಗೆ ಅಜಾಕ್ಸ್ ಪರ ನಿಂತದ್ದು ಯಾರು? ಅವನು ಕೊಲ್ಲಲು ಹೊರಟಿದ್ದ ಒಡಿಸ್ಯೂಸ್. ಮಾಡಿದ ತಪ್ಪು ಎಲ್ಲರಿಗೂ ಗೊತ್ತಿದ್ದು ಸಿಕ್ಕಿದ ಮರ್ಯಾದೆ ಅದು. ಶತ್ರುವಿನ ಮಾತು ಕತ್ತರಿಸಿದ್ರೆ ಆ ಮರ್ಯಾದೆಯೂ ಸಿಗ್ತಿರಲಿಲ್ಲ.

ಈಗ ಮಂದಾರ್ತಿ, ಮಾರಣಕಟ್ಟೆ, ಬೈಂದೂರು ಅಂತ ಎಲ್ಲಿ ಆಟಕ್ಕೆ ಹೋದ್ರೂ ರೀಲು ಮಾಡುವವರಲ್ಲಿ ಕೇಳೂದು ಇಷ್ಟೇ: ಕೌರವನದ್ದು ಮೂವತ್ತು ಸೆಕೆಂಡ್ ಹಾಕಿದ್ರೆ ಎದುರು ವೇಷದ್ದೂ ಮೂವತ್ತು ಸೆಕೆಂಡ್ ಹಾಕಿ. ಕಲಾವಿದರ ಹೆಸರು ಬರೆಯುವಾಗ ಇಬ್ಬರದ್ದೂ ಬರೀರಿ.

ನೀವು ಕೇಳಿದ ಸಂಧಾನಗಳಲ್ಲಿ ಕೌರವನ ಬಾಯಿ ಕಟ್ಟಿದ ಕೃಷ್ಣ ಯಾರು? ಕಮೆಂಟಲ್ಲಿ ಹೇಳಿ.

#ಯಕ್ಷಗಾನ #ಬಡಗುತಿಟ್ಟು #ತಾಳಮದ್ದಳೆ #ಕುಂದಾಪ್ರಕನ್ನಡ #ಕೃಷ್ಣಸಂಧಾನ